ಯಲ್ಮಾರಿಯ ಲಾಲಿ ಪ್ರತಾಪ

"ಮಕ್ಕಳನ್ನ ಮಲಗಿಸೋದು ಏನು ಮಹಾ ವಿದ್ಯೆ? ನನ್ನ ಗಂಟಲು ಒಂದಿದ್ರೆ ಸಾಕು, ಕೊಸ್ಕೆಲಾ ಊರಿನ ಅಷ್ಟೂ ತೊಟ್ಟಿಲನ್ನ ಒಟ್ಟಿಗೇ ತೂಗ್ತೀನಿ!"

ಪಕ್ಕದ ಮನೆಯ ಮಿರ್ಯಾಳ ಅಡುಗೆಮನೆಯಲ್ಲಿ ಕೂತು, ಕಾಫಿ ಕಪ್ಪನ್ನು ಮೇಜಿನ ಮೇಲೆ ಕುಟ್ಟಿ, ಯಲ್ಮಾರಿ ಹೀಗೆ ಘೋಷಿಸಿದ. ಅವನ ಹೆಂಡತಿ ಹಿಲ್ಕಾ ಏಲಕ್ಕಿ ಬನ್ನಿನ ತಟ್ಟೆಯನ್ನು ಅವನ ಕೈಗೆ ಎಟುಕದಷ್ಟು ದೂರ ಸರಿಸಿದಳು, ಅಷ್ಟೇ. ಮಿರ್ಯಾ ಮಾತ್ರ ತನ್ನ ಅವಳಿ ಮಕ್ಕಳ ಕಡೆ ಒಮ್ಮೆ, ಯಲ್ಮಾರಿಯ ಕಡೆ ಒಮ್ಮೆ ನೋಡಿ, ಇನ್ನಷ್ಟು ಕಾಫಿ ಬಗ್ಗಿಸಿದಳು.

ಆ ಗಂಟಲಿನ ವಿಷಯ ಮೊದಲೇ ಹೇಳಿಬಿಡಬೇಕು. ಯಲ್ಮಾರಿ ಹಾಲಿನ ಲಾರಿ ಓಡಿಸುತ್ತಿದ್ದ. ಬೆಳಗ್ಗೆ ಎದ್ದು ನದಿಯ ಎರಡೂ ದಂಡೆಯ ಕೊಟ್ಟಿಗೆಗಳಿಗೆ ಹೋಗಿ ಹಾಲು ತುಂಬಿಕೊಂಡು ಡೈರಿಗೆ ಸುರಿದು ಬರುವುದು ಅವನ ಕೆಲಸ. ಹಾದಿಯುದ್ದಕ್ಕೂ ಹಾಡುವುದು ಅವನ ಧರ್ಮ. ಲಾರಿಯ ಸದ್ದಿಗಿಂತ ಮೊದಲು ಅವನ ದನಿ ಬಂದು ತಲುಪುತ್ತಿದ್ದುದರಿಂದ ರೈತರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು. ಊರಿನ ನದಿದಂಡೆ ಮೇಳಕ್ಕೆ ಅವನೇ ಹಾಡುಗಾರ, ಅವನೇ ಮೊದಲ ಪಿಟೀಲು. ಮದುವೆಗಳಲ್ಲಿ ಅವನು ಎದೆಯುಬ್ಬಿಸಿ ಹೆಣ್ಣು ಕಳಿಸುವ ಹಾಡು ಎತ್ತಿಕೊಂಡರೆ ವಧುವಿನ ತಾಯಿ ಅಳುತ್ತಿದ್ದಳು, ವಧು ಅಳುತ್ತಿದ್ದಳು, ಒಮ್ಮೊಮ್ಮೆ ಪಾದ್ರಿಗಳೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೆಲ್ಲ ಯಾಕೆ ಅಳುತ್ತಾರೆಂದು ವಿಚಾರಿಸುವ ಅಗತ್ಯ ಅವನಿಗೆ ಯಾವತ್ತೂ ಕಂಡಿರಲಿಲ್ಲ.

ಮೇಳದಲ್ಲಿ ಹಿಲ್ಕಾಳೂ ಇದ್ದಳು. ವೇದಿಕೆಯ ಹಿಂದಿನ ಮೂಲೆಯಲ್ಲಿ, ಕಾಲಿನಿಂದ ಒತ್ತುವ ಹಾರ್ಮೋನಿಯಮ್ಮಿನ ಮುಂದೆ ಅವಳ ಜಾಗ. ಹಗಲು ಊರಿನ ಪುಸ್ತಕ ಭಂಡಾರದಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಮಾತು ಕಡಿಮೆ. ಹಾಡು ಇನ್ನೂ ಕಡಿಮೆ ಎಂದೇ ಎಲ್ಲರೂ ತಿಳಿದಿದ್ದರು.

ಆ ಚಳಿಗಾಲದಲ್ಲಿ ಮೇಳದ ಮುಖಂಡ ಓಯ್ವಾನ ತಲೆಗೆ ಒಂದು ಯೋಚನೆ ಹೊಕ್ಕಿತು. ಓಯ್ವಾ ನಿವೃತ್ತ ಶಾಲಾಮಾಸ್ತರ. ಆಳೆತ್ತರದ ಬೇಸ್ ಪಿಟೀಲನ್ನು ತಬ್ಬಿಕೊಂಡು ನಿಂತು ನುಡಿಸುವವನು. ಊರಿನ ಅಜ್ಜಿಯರು ಹಾಡುತ್ತಿದ್ದ ಮಕ್ಕಳ ಹಾಡುಗಳು ಅವರ ಜೊತೆಗೇ ಮಣ್ಣಾಗುತ್ತಿವೆ, ಅವನ್ನೆಲ್ಲ ಸೇರಿಸಿ ಪುಟಾಣಿಗಳಿಗಾಗಿ ಒಂದು ಕ್ಯಾಸೆಟ್ ತರೋಣ ಎಂದ. ಯಲ್ಮಾರಿ ಉದಾರವಾಗಿ ಒಪ್ಪಿದ. ಇಲಿರಾಯ ಗಿರಣಿಗೆ ಹೋದದ್ದು, ಮೂರು ಕಾಲಿನ ಕುರ್ಚಿ ನಾಲ್ಕನೆಯದನ್ನು ಹುಡುಕಿದ್ದು, ಇವೆಲ್ಲ ತನ್ನ ಘನತೆಗೆ ಕಡಿಮೆಯೇ. ಆದರೂ ಒಂದು ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡೇ ಹಾಡಿ ಮುಗಿಸುತ್ತೇನೆ ಎಂದ. ಯಾರು ಹಾಡಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ, ಅವನ ತಲೆಯಲ್ಲಿ.

ಓಯ್ವಾನಿಗೆ ಮಾಸ್ತರಿಕೆಯ ಚಟ ಇನ್ನೂ ಬಿಟ್ಟಿರಲಿಲ್ಲ. ಧ್ವನಿಮುದ್ರಣಕ್ಕೆ ಮುಂಚೆ ಒಂದು ಪರೀಕ್ಷೆ ಇಡೋಣ ಎಂದು ಮೇಳವನ್ನೆಲ್ಲ ಊರಿನ ಶಿಶುವಿಹಾರಕ್ಕೆ ಕರೆದೊಯ್ದ. ಮಕ್ಕಳು ಉಣ್ಣೆಯ ಕಾಲುಚೀಲಗಳಲ್ಲಿ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಯಲ್ಮಾರಿ ಮೀಸೆ ತಿರುವಿ, ಕಾಲು ಅಗಲಿಸಿ ನಿಂತು, ಇಲಿರಾಯನನ್ನು ಗಿರಣಿಗೆ ಹೊರಡಿಸಿದ. ಮೊದಲ ಸಾಲಿಗೇ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿನ ಮಡಿಲಿಗೆ ಹೋದರು. ಎರಡನೇ ನುಡಿಗೆ ಒಬ್ಬ ಪರದೆಯ ಹಿಂದೆ ಅಡಗಿದ. ಮೂರನೇ ನುಡಿಯ ಹೊತ್ತಿಗೆ ಒಂದು ಕೆಂಪು ಜಡೆಯ ಹುಡುಗಿ ಟೀಚರಿನ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೇಳಿತು: "ಆ ಮಾಮಂಗೆ ಎಲ್ಲಿ ನೋಯ್ತಿದೆ?"

ಆಮೇಲೆ ಅಳು ಶುರುವಾಯಿತು. ಒಂದು ಮಗು ಅತ್ತರೆ ಇನ್ನೊಂದು ಯಾಕೆ ಸುಮ್ಮನಿರಬೇಕು? ಇಡೀ ಕೋಣೆ ಸಾಮೂಹಿಕವಾಗಿ ಹೋ ಎಂದಿತು. ಗಲಾಟೆಯಲ್ಲಿ ಪುಟ್ಟ ಹುಡುಗನೊಬ್ಬ ತೆವಳುತ್ತ ಹೋಗಿ ಹಾರ್ಮೋನಿಯಮ್ಮಿನ ಕೆಳಗೆ ಸೇರಿಕೊಂಡ. ಹಿಲ್ಕಾ ಅವನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಬೇರೇನೂ ತೋಚದೆ, ತನ್ನ ಅಜ್ಜಿ ಹಾಡುತ್ತಿದ್ದ ಒಂದು ಲಾಲಿಯನ್ನು ಮೂಗಿನಲ್ಲೇ ಗುನುಗಿದಳು. ಮರದ ತೊಗಟೆಯ ದೋಣಿ, ಅದರಲ್ಲಿ ಮಲಗಿದ ಮಗು, ಹುಟ್ಟು ಹಾಕುವ ಗಾಳಿ, ಇಷ್ಟೇ ಹಾಡು. ದನಿಯೂ ಅಷ್ಟೇ, ಪಕ್ಕದ ಕೋಣೆಯಲ್ಲಿ ಯಾರೋ ಬಟ್ಟೆ ಮಡಿಸುತ್ತಿರುವಷ್ಟು. ಆದರೆ ಮಕ್ಕಳು ಒಬ್ಬೊಬ್ಬರಾಗಿ ಅಳು ನಿಲ್ಲಿಸಿ, ಮೂಗು ಒರೆಸಿಕೊಂಡು, ಹಾರ್ಮೋನಿಯಮ್ಮಿನ ಸುತ್ತ ಬಂದು ಕೂತರು. ಪರದೆಯ ಹಿಂದಿನವನೂ ಬಂದ. ಟೀಚರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಓಯ್ವಾ ಬೇಸ್ ಪಿಟೀಲಿನ ಹಿಂದಿನಿಂದ ಯಲ್ಮಾರಿಯ ಮುಖ ನೋಡಲಿಲ್ಲ. ಮಾರನೆಯ ದಿನ ಫೋನ್ ಮಾಡಿ, ಹಾಡುಗಳನ್ನೆಲ್ಲ ಹಿಲ್ಕಾ ಹಾಡಲಿ, ನೀನು ಎರಡನೇ ಪಿಟೀಲು ಹಿಡಿ, ಬೇಕಾದರೆ ಪೋಲ್ಕಾ ಕುಣಿತದ ಹಾಡಿನ ಮಧ್ಯೆ ಒಂದು ಸಲ "ಹೋಯ್" ಅಂದುಬಿಡು ಎಂದ. ಧ್ವನಿಮುದ್ರಣದ ದಿನ ಆ "ಹೋಯ್" ಕೂಡ ಜಾಸ್ತಿಯಾಯಿತೆಂದು ಅವನನ್ನು ಬಾಗಿಲ ಆಚೆ ನಿಲ್ಲಿಸಿ ಹೇಳಿಸಿದರು.

ಹೀಗೆ ಶುರುವಾಯಿತು ಯಲ್ಮಾರಿಯ ಹೊಟ್ಟೆಯುರಿ. ಊರಿನವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಆಯಿತು. ಹೆಂಡತಿಯ ಮೇಲೆ ಪಡುವವನು ಎಲ್ಲಿಗೆ ಹೋಗಬೇಕು? ಅವಳೇ ಬಡಿಸಿದ ಸೊಪ್ಪಿನ ಸಾರು, ಅವಳೇ ಹೆಣೆದ ಕೈಗವಸು, ಅವಳದೇ ಪಕ್ಕದ ದಿಂಬು. ಪರೀಕ್ಷೆಗೆಂದು ತೆಗೆದ ಕ್ಯಾಸೆಟ್ಟಿನ ಪ್ರತಿಗಳು ಮನೆಯಿಂದ ಮನೆಗೆ ಹರಿದಾಡಿದವು. ಹಾಲು ತುಂಬಿಸಲು ಹೋದ ಕಡೆಯಲ್ಲೆಲ್ಲ ರೈತರು, "ಹಿಲ್ಕಾ ಇಷ್ಟು ಚೆನ್ನಾಗಿ ಹಾಡ್ತಾಳೆ ಅಂತ ನೀನು ಯಾವತ್ತೂ ಹೇಳ್ಲೇ ಇಲ್ವಲ್ಲಪ್ಪ" ಎಂದರು. ಒಂದು ಕೊಟ್ಟಿಗೆಯಲ್ಲಿ ಹಸುಗಳಿಗೂ ಅದನ್ನೇ ಹಾಕಿದ್ದರು. ಹಾಲು ಜಾಸ್ತಿ ಬರುತ್ತಿದೆಯೆಂದು ಆ ಮನೆಯಾಕೆ ಹೇಳಿದಾಗ, ಯಲ್ಮಾರಿ ಆ ಹಸುಗಳನ್ನು ಕೃತಘ್ನ ಪ್ರಾಣಿಗಳೆಂಬಂತೆ ನೋಡಿದ. ಇಷ್ಟು ವರ್ಷ ಅವುಗಳಿಗೆ ಹಾಡಿದವನು ಅವನಲ್ಲವೇ?

ಮನೆಯಲ್ಲಿ ಅವನು ವಿನಾಕಾರಣ ಚುರುಕಾದ. ಹಿಲ್ಕಾ ಹಿಟ್ಟು ನಾದುತ್ತ ಗುನುಗಿದರೆ ಎದ್ದು ಹೋಗಿ ಕಸ ಹೀರುವ ಯಂತ್ರ ಚಾಲೂ ಮಾಡುತ್ತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಯಂತ್ರದ ಗುಂಡಿ ಎಲ್ಲಿದೆಯೆಂದೇ ಗೊತ್ತಿರದ ಗಂಡಸು ವಾರವಿಡೀ ಮನೆ ಗುಡಿಸಿದ್ದು ಕಂಡು ಹಿಲ್ಕಾ, ಪಾಪ, ಸಂತೋಷವನ್ನೇ ಪಟ್ಟಳು. ಒಳಗೊಳಗೇ ಅವನು ಗಂಟಲನ್ನು ಮೃದುಗೊಳಿಸುವ ತಪಸ್ಸಿಗೂ ಇಳಿದಿದ್ದ. ಬಿಸಿ ಹಾಲಿಗೆ ಜೇನು ಸುರಿದು ಕುಡಿದ. ಟಾರಿನ ವಾಸನೆಯ ಗಂಟಲು ಗುಳಿಗೆಗಳನ್ನು ಚೀಪಿ ಚೀಪಿ, ಮೈಯೆಲ್ಲ ಹೊಸದಾಗಿ ಟಾರು ಮೆತ್ತಿದ ದೋಣಿಯಂತೆ ನಾರತೊಡಗಿದ. ಶನಿವಾರ ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ಒಬ್ಬನೇ ಕೂತು ಕಾದ ಕಲ್ಲುಗಳಿಗೆ ಲಾಲಿ ಹಾಡಿದ. ಕಲ್ಲುಗಳು ಅಳಲಿಲ್ಲ. ಇದು ಒಳ್ಳೆಯ ಲಕ್ಷಣವೆಂದು ಅವನಿಗೆ ಅನ್ನಿಸಿತು.

ಇಂಥ ದಿನಗಳಲ್ಲೇ ಮಿರ್ಯಾಳ ಮನೆಯ ಆ ಕಾಫಿ. ಅವಳ ಅವಳಿಗಳು, ಓನ್ನಿ ಎಂಬ ಗಂಡು, ಲೆಂಪಿ ಎಂಬ ಹೆಣ್ಣು, ಆಗಷ್ಟೇ ಅಂಬೆಗಾಲಿಡುತ್ತಿದ್ದವು. ಹಿಲ್ಕಾಳ ಕ್ಯಾಸೆಟ್ ಹಾಕಿದರೆ ಎರಡೂ ಥಟ್ಟನೆ ನಿದ್ದೆ ಹೋಗುತ್ತವೆ, ನನ್ನ ಜೀವ ಉಳಿಯಿತು ಎಂದು ಮಿರ್ಯಾ ಕೈ ಮುಗಿಯುವಂತೆ ಹೇಳಿದ್ದೇ ತಡ, ಯಲ್ಮಾರಿ ಮೇಜು ಕುಟ್ಟಿ ಆ ಘೋಷಣೆ ಮಾಡಿದ. ಮಾತಿಗೆ ತಕ್ಕ ಅವಕಾಶವೂ ಒದಗಿತು. ಗುರುವಾರ ಮಿರ್ಯಾ ಕೊಕ್ಕೊಲಾ ಪಟ್ಟಣಕ್ಕೆ ಹಲ್ಲಿನ ಡಾಕ್ಟರ ಬಳಿ ಹೋಗಬೇಕಿತ್ತು. ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ್ದವಳು ಹಿಲ್ಕಾ. ಆದರೆ ಅದೇ ದಿನ ಅದೇ ಪಟ್ಟಣದ ರೇಡಿಯೊದವರು ಹಿಲ್ಕಾಳನ್ನು ಸಂದರ್ಶನಕ್ಕೆ ಕರೆದಿದ್ದರು.

"ಇಬ್ಬರೂ ಹೋಗಿ ಬನ್ನಿ. ಮಕ್ಕಳು ನನ್ನ ಪಾಲಿಗಿರಲಿ. ಎರಡು ನುಡಿ ಸಾಕು, ಮೂರನೇದು ಅವಕ್ಕೆ ಕೇಳ್ಸೋದೇ ಇಲ್ಲ" ಎಂದ ಯಲ್ಮಾರಿ.

ಗುರುವಾರ ಹೊರಡುವ ಮುಂಚೆ ಹಿಲ್ಕಾ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಕ್ಯಾಸೆಟ್ ಇಟ್ಟಳು.

"ಬೇಕಾದ್ರೆ ಹಾಕು."

"ಬೇಕಾಗಲ್ಲ."

"ಬೇಕಾದ್ರೆ ಅಂದೆ."

"ಬೇಕಾಗಲ್ಲ ಅಂದೆ" ಎಂದು ಅವನು ಬಾಗಿಲ ತನಕ ಬಂದು ಬೀಳ್ಕೊಟ್ಟ. ಹೆಂಗಸರಿಬ್ಬರೂ ಮಿರ್ಯಾಳ ಕಾರಿನಲ್ಲಿ ಹೊರಟರು.

ಮಾರ್ಚ್ ತಿಂಗಳ ಒಳ್ಳೆ ಬಿಸಿಲು. ಹಿಮ ಇನ್ನೂ ಮೊಣಕಾಲುದ್ದ ಇತ್ತು. ಆ ಕಡೆಯ ಮಕ್ಕಳಿಗೆ ಮಧ್ಯಾಹ್ನದ ನಿದ್ದೆ ಹೊರಗಿನ ಚಳಿಗಾಳಿಯಲ್ಲೇ. ಉಣ್ಣೆಯಲ್ಲಿ ಸುತ್ತಿ ತಳ್ಳುಗಾಡಿಯಲ್ಲಿ ಮಲಗಿಸಿ ಅಂಗಳದಲ್ಲಿ ಬಿಟ್ಟರೆ ಕೆನ್ನೆ ಕೆಂಪಾಗಿ ಗಂಟೆಗಟ್ಟಲೆ ಮಲಗುತ್ತವೆ. ಯಲ್ಮಾರಿ ಮಿರ್ಯಾಳ ಮನೆಯಲ್ಲಿ ಅವಳಿಗಳಿಗೆ ಗಂಜಿ ತಿನ್ನಿಸಿದ. ಗಂಜಿಯ ಅರ್ಧ ಮಕ್ಕಳ ಒಳಗೆ ಹೋಯಿತು, ಉಳಿದರ್ಧ ಅವನ ಮೀಸೆಗೆ. ಉಣ್ಣೆಯ ಚೀಲಗಳಲ್ಲಿ ತುಂಬಿ, ಜೋಡಿ ತಳ್ಳುಗಾಡಿಯಲ್ಲಿ ಮಲಗಿಸಿ, ಬರ್ಚ್ ಮರದ ಬಳಿ ಬಿಸಿಲಿಗೆ ನಿಲ್ಲಿಸಿದ. ತಾನು ಮಾತ್ರ ಹಿಂದಕ್ಕೆ ಸರಿದು, ಮನೆಯ ಮೆಟ್ಟಿಲ ಮೇಲೆ, ತಗಡಿನ ಸೂರಿನಡಿ, ಗೋಡೆಗೆ ಬೆನ್ನು ಮಾಡಿ ನಿಂತ. ಅಲ್ಲಿ ನಿಂತರೆ ದನಿಗೆ ಒಳ್ಳೆ ಮೊಳಗು ಬರುತ್ತದೆಂದು ಕಲಾವಿದನಿಗೆ ತಿಳಿಯದೇ?

ಮೊದಲ ನುಡಿಯನ್ನು ನಿಜಕ್ಕೂ ಮೆಲ್ಲಗೇ ಹಾಡಿದ. ಓನ್ನಿ, ಲೆಂಪಿ ಕಣ್ಣರಳಿಸಿ ನೋಡಿದವು. ಗೆದ್ದೆ ಅಂದುಕೊಂಡು ಎರಡನೆಯದಕ್ಕೆ ಹೊರಳಿದ. ಲೆಂಪಿಯ ಕೆಳತುಟಿ ಮುಂದೆ ಬಂತು. ಓನ್ನಿ ಅವಳನ್ನು ನೋಡಿ, ವಿಷಯ ಗಂಭೀರವಾಗಿದೆಯೆಂದು ತಿಳಿದು, ಬಾಯಿ ತೆರೆದು ಕಿರುಚಿದ. ಸಭೆಯಲ್ಲಿ ಗದ್ದಲವಾದರೆ ಯಲ್ಮಾರಿ ಕಲಿತದ್ದು ಒಂದೇ ಮದ್ದು, ಅವರಿಗಿಂತ ಗಟ್ಟಿಯಾಗಿ ಹಾಡುವುದು. ಮದುವೆಮನೆಯಲ್ಲಿ ಕುಡಿದವರ ಮೇಲೆ ಅದು ಯಾವತ್ತೂ ಸೋತಿರಲಿಲ್ಲ. ಅವನು ಎದೆ ತುಂಬ ಗಾಳಿ ಎಳೆದು ತೊಗಟೆಯ ದೋಣಿಯನ್ನು ಸಮುದ್ರಕ್ಕೇ ಇಳಿಸಿಬಿಟ್ಟ. ಮಕ್ಕಳು ದನಿಯೇರಿಸಿದವು. ಅವನೂ ಏರಿಸಿದ. ಆಚೆ ತೋಟದ ಬೇಟೆನಾಯಿ ಮೂತಿ ಎತ್ತಿ ಊಳಿಟ್ಟಿತು. ಅದರ ಆಚೆಯ ನಾಯಿ ಅದಕ್ಕೆ ಶ್ರುತಿ ಹಿಡಿಯಿತು.

ಹೆಪ್ಪುಗಟ್ಟಿದ ನದಿಯ ಮೇಲೆ ಸ್ಕೀ ಮಾಡುತ್ತ ಹೋಗುತ್ತಿದ್ದ ಓಯ್ವಾ ಗಾಬರಿಯಾಗಿ ದಂಡೆಗೆ ಬಂದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಯಾರಿಗೆ ಏಟಾಯಿತು, ಆಂಬುಲೆನ್ಸ್ ಕರೆಯಲೇ ಎಂದು ಕೂಗಿ ಕೇಳಿದ. ಯಾರಿಗೂ ಏನೂ ಆಗಿಲ್ಲ, ಮಕ್ಕಳನ್ನು ಮಲಗಿಸುತ್ತಿದ್ದೇನೆ ಎಂದು ಯಲ್ಮಾರಿ ಕೂಗಿ ಉತ್ತರಿಸಿದ. ಓಯ್ವಾ ಸ್ವಲ್ಪ ಹೊತ್ತು ನಿಂತು ಆಲಿಸಿ, ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು, ಬಂದದ್ದಕ್ಕಿಂತ ಜೋರಾಗಿ ಜಾರಿಹೋದ.

ಇನ್ನುಳಿದದ್ದು ಕೊನೆಯ ನುಡಿ. ಅದರ ತುದಿಯಲ್ಲೊಂದು ಎತ್ತರದ ಸ್ವರ. ಹಿಲ್ಕಾ ಅದನ್ನು ಹೇಳಿಯೂ ಹೇಳದ ಹಾಗೆ ಬಿಟ್ಟುಬಿಡುತ್ತಿದ್ದಳು. ಯಲ್ಮಾರಿ ಬಿಡುವವನಲ್ಲ. ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ಆ ಸ್ವರವನ್ನು ಹಿಡಿದ, ಹಿಡಿದೇ ನಿಂತ. ಬೆಳಗಿನಿಂದ ಬಿಸಿಲಿಗೆ ಸಡಿಲಾಗುತ್ತಿದ್ದ ಸೂರಿನ ಹಿಮ ಇದೇ ಸಂಜ್ಞೆಗೆ ಕಾಯುತ್ತಿತ್ತೋ ಏನೋ, ತಗಡಿನ ಮೇಲೆ ಸರ್‍ರನೆ ಜಾರಿ, ಒಂದು ಗಾಡಿ ತುಂಬುವಷ್ಟು, ಅವನ ತಲೆಯ ಮೇಲೇ ದೊಪ್ಪನೆ ಇಳಿಯಿತು.

ಸದ್ದು ಅಡಗಿತು. ನಾಯಿಗಳೂ ಸುಮ್ಮನಾದವು. ಕುತ್ತಿಗೆ ತನಕ ಹಿಮದಲ್ಲಿ ಹೂತುಹೋಗಿ, ಬಾಯೊಳಗಿನದನ್ನು ಉಗುಳಿ, ಯಲ್ಮಾರಿ ತಳ್ಳುಗಾಡಿಯ ಕಡೆ ನೋಡಿದ. ಓನ್ನಿ, ಲೆಂಪಿ ಎರಡೂ ಎದ್ದು ಕೂತು ಗಹಗಹಿಸಿ ನಗುತ್ತಿದ್ದವು. ಇನ್ನೊಂದು ಸಲ ಮಾಡು ಎನ್ನುವಂತೆ ಕೈ ಬಡಿಯುತ್ತಿದ್ದವು. ನಿದ್ದೆಯ ಸುಳಿವು ಅವುಗಳ ಕಣ್ಣಲ್ಲಿ ಹುಡುಕಿದರೂ ಇರಲಿಲ್ಲ.

ಹಿಮವನ್ನು ತೋಡಿಕೊಂಡು ಹೊರಬಂದದ್ದಾಯಿತು. ಮಿರ್ಯಾಳ ಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದರ ಮುಂದೆ ಹಿಮದ ಗುಡ್ಡ. ಹಿಮ ತೆಗೆಯುವ ಸಲಿಕೆಯೋ, ಬಾಗಿಲಿನ ಒಳಗೆ. ಜೇನು ಕುಡಿದ ಗಂಟಲಲ್ಲಿ ಈಗ ಕಾಗೆಯ ದನಿ ಮಾತ್ರ ಉಳಿದಿತ್ತು. ಬೂಟಿನಲ್ಲಿ ನೀರು ಪಿಚಪಿಚ ಅನ್ನುತ್ತಿರಲು ತಳ್ಳುಗಾಡಿಯನ್ನು ನೂಕಿಕೊಂಡು ತನ್ನ ಮನೆಗೇ ಬಂದ.

ಅಡುಗೆಮನೆ ಬೆಚ್ಚಗಿತ್ತು. ಮಕ್ಕಳ ಉಣ್ಣೆ ಬಿಚ್ಚಿ ಚಿಂದಿಕಂಬಳಿಯ ಮೇಲೆ ಬಿಟ್ಟ. ತನ್ನ ಒದ್ದೆ ಬಟ್ಟೆಯನ್ನೆಲ್ಲ ಒಲೆಯ ಮೇಲಿನ ಸರಳಿಗೆ ನೇತುಹಾಕಿ, ಕೈಗೆ ಸಿಕ್ಕಿದ ಹಿಲ್ಕಾಳ ನಿಲುವಂಗಿ ತೊಟ್ಟುಕೊಂಡ. ಅದರ ತುಂಬ ಎಲೆಕೋಸಿನ ಗಾತ್ರದ ಗುಲಾಬಿ ಹೂಗಳು. ತೋಳು ಮೊಣಕೈಗೇ ನಿಂತಿತು. ಅಷ್ಟರಲ್ಲಿ ನಗು ಮುಗಿದು, ನಿದ್ದೆಗೆಟ್ಟ ಮಕ್ಕಳಿಗೆ ಸಹಜವಾದ ಆ ಕರ್ಕಶ ರಾಗ ಮತ್ತೆ ಶುರುವಾಯಿತು. ಯಲ್ಮಾರಿ ಮೇಜಿನ ಮೇಲಿದ್ದ ಕ್ಯಾಸೆಟ್ಟನ್ನು ನೋಡಿದ. ಕಿಟಕಿಯ ಆಚೆ ನೋಡಿದ. ಮತ್ತೆ ಕ್ಯಾಸೆಟ್ಟನ್ನು ನೋಡಿದ.

"ಇದನ್ನ ನೀವಿಬ್ರು ಯಾರಿಗೂ ಹೇಳಬಾರದು" ಎಂದು ಅವಳಿಗಳಿಗೆ ಪಿಸುಗುಟ್ಟಿ, ಗುಂಡಿ ಒತ್ತಿದ.

ತಪ್ಪು ಹುಡುಕಬೇಕೆಂದೇ ಅವನು ಕಿವಿಗೊಟ್ಟದ್ದು. ಎರಡನೇ ಸಾಲಿನಲ್ಲಿ ಉಸಿರು ಸಾಲದು, ಅಲ್ಲಿ ಹಿಡಿಯುತ್ತೇನೆ ಎಂದುಕೊಂಡು ಕಂಬಳಿಯ ಮೇಲೆ ಮಕ್ಕಳ ಪಕ್ಕದಲ್ಲೇ ಉದ್ದಕ್ಕೆ ಮಲಗಿ ಕಾದ. ಎರಡನೇ ಸಾಲು ಬಂತು, ಹೋಯಿತು. ಅದು ಯಾರನ್ನೂ ಒಲಿಸಿಕೊಳ್ಳಲು ಬಂದ ದನಿಯಾಗಿರಲಿಲ್ಲ. ಯಾರೋ ದೀಪ ಸಣ್ಣಗೆ ಮಾಡಿ, ಹೊದಿಕೆ ಎಳೆದು ಸರಿಮಾಡಿ, ಬಾಗಿಲನ್ನು ಪೂರ್ತಿ ಮುಚ್ಚದೆ ಹೋದಂತಿತ್ತು. ಇಷ್ಟು ವರ್ಷ ಒಂದೇ ವೇದಿಕೆಯಲ್ಲಿದ್ದೂ ಅವಳು ತನ್ನ ಬೆನ್ನ ಹಿಂದೆ ಇದ್ದಳಲ್ಲ, ತಾನು ತಿರುಗಿ ನೋಡಿದ್ದು ಯಾವಾಗ ಎಂದು ಯೋಚಿಸತೊಡಗಿದ. ಜ್ಞಾಪಕಕ್ಕೆ ಬರುವ ಮೊದಲೇ ಕಣ್ಣು ಎಳೆಯಿತು.

ಎಚ್ಚರವಾದಾಗ ಎದೆಯ ಮೇಲೆ ಭಾರ. ಕಣ್ಣು ಬಿಟ್ಟರೆ ಎಲ್ಲೆಲ್ಲೂ ಬೆಳ್ಳಗೆ. ಮತ್ತೊಮ್ಮೆ ಸೂರು ಜಾರಿತೆಂದೇ ತಿಳಿದ. ಆದರೆ ಈ ಹಿಮ ಬೆಚ್ಚಗಿತ್ತು. ಕೆಳಗಿನ ಕಪಾಟು ತೆರೆದು ಹಿಲ್ಕಾಳ ಮೈದಾಹಿಟ್ಟಿನ ಚೀಲವನ್ನು ಹೊರಗೆಳೆದು ಖಾಲಿ ಮಾಡಿ, ಅವನ ಮೀಸೆ ಹುಬ್ಬುಗಳಿಗೂ ಬಿಡದೆ ಹಚ್ಚಿ, ಓನ್ನಿ ಅವನ ಎದೆಯ ಮೇಲೂ ಲೆಂಪಿ ಹೊಟ್ಟೆಯ ಮೇಲೂ ಕೂತು, ಆ ಎರಡು ಪುಟ್ಟ ರಾಕ್ಷಸರು ಒಂದೇ ಬನ್ನನ್ನು ಎರಡು ಕಡೆಯಿಂದ ತಿನ್ನುತ್ತಿದ್ದರು. ಬಾಗಿಲಲ್ಲಿ ಹಿಲ್ಕಾ. ಅವಳ ಪಕ್ಕದಲ್ಲಿ ಒಂದು ಕೆನ್ನೆ ಊದಿದ ಮಿರ್ಯಾ. ಇಬ್ಬರ ನಡುವೆ ಮೈಕು ಹಿಡಿದ ಒಬ್ಬ ಹುಡುಗಿ. ರೇಡಿಯೊದವರ ಬಳಿ ಕಾಲಲ್ಲಿ ಒತ್ತುವ ಹಾರ್ಮೋನಿಯಂ ಇರಲಿಲ್ಲವಂತೆ. ಮನೆಯಲ್ಲೇ ನುಡಿಸಿ, ಅಲ್ಲೇ ಮುದ್ರಿಸಿಕೊಳ್ಳುತ್ತೇನೆಂದು ಆ ಹುಡುಗಿ ಜೊತೆಗೇ ಬಂದಿದ್ದಳು. ಮೈಕಿನ ಯಂತ್ರದಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಮಿರ್ಯಾಳ ಬಾಯಿ ಇನ್ನೂ ಮರಗಟ್ಟಿತ್ತು. ಆದರೂ ಕಷ್ಟಪಟ್ಟು ಕೇಳಿದಳು: "ಯಲ್ಮಾರಿ, ಮಲಗಿಸ್ತೀನಿ ಅಂದಿದ್ರಲ್ಲ?"

ಯಲ್ಮಾರಿ ಗುಲಾಬಿಗಳನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

ರೇಡಿಯೊದ ಹುಡುಗಿ ಕಸುಬು ಬಲ್ಲವಳು. ಮೈಕನ್ನು ಹಿಲ್ಕಾಳ ಕಡೆ ಹಿಡಿದು, ಈ ಕ್ಯಾಸೆಟ್ ಎಷ್ಟು ವಯಸ್ಸಿನ ಮಕ್ಕಳಿಗೆ ಎಂದು ಕೇಳಿದಳು.

ಹಿಲ್ಕಾ ನೆಲದ ಮೇಲಿದ್ದ ಗಂಡನನ್ನು ಒಂದು ಕ್ಷಣ ನೋಡಿದಳು.

"ಐವತ್ತನಾಲ್ಕರ ತನಕ ಆಗತ್ತೆ" ಎಂದಳು. "ಅದಕ್ಕಿಂತ ಮೇಲಿನೋರ ಮೇಲೆ ಇನ್ನೂ ಪರೀಕ್ಷೆ ಮಾಡಿಲ್ಲ."

ಅವರೆಲ್ಲ ಹೋದ ಮೇಲೆ, ಹಿಟ್ಟು ಗುಡಿಸಿ, ತನ್ನ ಪ್ಯಾಂಟು ತಾನು ಹಾಕಿಕೊಂಡು, ಯಲ್ಮಾರಿ ಅಡುಗೆಮನೆಯ ನಡುವೆ ನಿಂತ. ಕಸ ಹೀರುವ ಯಂತ್ರದ ಹಿಡಿ ಇನ್ನೂ ಕೈಯಲ್ಲಿತ್ತು. ಹಿಲ್ಕಾ ಮುಂದಿನ ಕೋಣೆಯಲ್ಲಿ ಹಾರ್ಮೋನಿಯಮ್ಮಿನ ಮುಚ್ಚಳ ಒರೆಸುತ್ತಿದ್ದಳು. ಅವನು ಅಲ್ಲಿಗೆ ಹೋಗಿ, ಯಂತ್ರದ ಗುಂಡಿಯನ್ನೇ ನೋಡುತ್ತ ಹೇಳಿದ:

"ಹಿಲ್ಕಾ, ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ."

ಅವಳು ಬಟ್ಟೆ ಕೆಳಗಿಟ್ಟಳು. ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿ ತಟ್ಟಿದಳು.

"ಬಾ, ಕೂತ್ಕೊ. ನಾನಿಲ್ಲಿ ಎಷ್ಟೋ ವರ್ಷದಿಂದ ಕೂತಿದೀನಿ."

"ಹಾರ್ಮೋನಿಯಂ ಹತ್ರಾನಾ?"

"ಹೊಟ್ಟೆಕಿಚ್ಚಿನ ಹತ್ರ. ನೀನು ಮುಂದೆ ನಿಂತು ಹಾಡ್ತಿದ್ದೆ, ಜನ ನಿನ್ನ ಮುಖ ನೋಡಿ ಚಪ್ಪಾಳೆ ಹೊಡೀತಿದ್ರು. ನಂಗೆ ಕಾಣ್ತಿದ್ದಿದ್ದು ನಿನ್ನ ಪ್ಯಾಂಟಿನ ಹಿಂಭಾಗ."

ಯಲ್ಮಾರಿ ಕೂತ. ಇದು ಅವನಿಗೆ ಹೊಸ ಸುದ್ದಿ. ಹಿಮದ ರಾಶಿಗಿಂತ ಭಾರವಾದ ಸುದ್ದಿ. ಇಂಥ ಹೊಟ್ಟೆಕಿಚ್ಚನ್ನು ಇಟ್ಟುಕೊಂಡು ಇಷ್ಟು ವರ್ಷ ಅವಳು ಒಂದು ಮಾತೂ ಆಡಲಿಲ್ಲವಲ್ಲ, ಮನೆಯಲ್ಲಿ ಯಾವ ಯಂತ್ರವೂ ಸದ್ದು ಮಾಡಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟ.

"ಮತ್ತೆ, ನೀನೇನು ಮಾಡ್ತಿದ್ದೆ?" ಎಂದು ಕೇಳಿದ.

"ಪೆಡಲ್ ಒತ್ತುತ್ತಿದ್ದೆ."

"ಅಷ್ಟೇನಾ?"

ಹಿಲ್ಕಾ ಪೆಡಲಿನ ಮೇಲೆ ಪಾದ ಇಟ್ಟಳು. "ನೀನು ತುಂಬಾ ಮೆರೆದ ದಿನ, ಲಯ ಒಂಚೂರು ಏರಿಸ್ತಿದ್ದೆ. ಉದ್ದನೆ ಹಾಡಲ್ಲಿ, ನೀನು ಉಸಿರು ತಗೊಳ್ಳೋ ಜಾಗದಲ್ಲಿ."

ಯಲ್ಮಾರಿಯ ಬಾಯಿ ತೆರೆದುಕೊಂಡಿತು. ಓಯ್ವಾನ ಮಗಳ ಮದುವೆಯಲ್ಲಿ ಕೊನೆಯ ನುಡಿಗೆ ಬರುವಷ್ಟರಲ್ಲಿ ಮುಖ ನೇರಳೆಯಾಗಿ, ಕಂಬ ಹಿಡಿದುಕೊಂಡು ನಿಂತದ್ದು ಅವನಿಗೆ ನೆನಪಾಯಿತು. ಆಮೇಲೆ ಅವನು ಶ್ವಾಸಕೋಶ ಕೆಟ್ಟಿತೆಂದು ಹೆದರಿ ಡಾಕ್ಟರ ಬಳಿ ಹೋಗಿ ಎದೆಯ ಚಿತ್ರ ತೆಗೆಸಿಕೊಂಡಿದ್ದ, ಸಿಗರೇಟು ಬಿಟ್ಟಿದ್ದ.

"ಆ ಮದುವೇಲೂನಾ?"

"ಅಲ್ಲೂ" ಎಂದಳು ಹಿಲ್ಕಾ. "ಆದ್ರೆ ಸಿಗರೇಟು ಬಿಟ್ಟಿದ್ದು ಒಳ್ಳೇದೇ ಆಯ್ತಲ್ಲ."

ಅವನು ನಗಬೇಕೋ ಜಗಳ ತೆಗೆಯಬೇಕೋ ತೀರ್ಮಾನಿಸುವ ಮೊದಲೇ ಅವಳು ನಗತೊಡಗಿದಳು. ಹಾಗಾಗಿ ಜಗಳದ ಹೊತ್ತು ಮೀರಿಹೋಯಿತು. ಅವಳ ಪಾದದ ಪಕ್ಕದಲ್ಲಿ ತನ್ನ ಪಾದವನ್ನೂ ಪೆಡಲಿನ ಮೇಲಿಟ್ಟು ಒತ್ತಿ ನೋಡಿದ. ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಒಂದು ಹಾಡಿನಷ್ಟು ಹೊತ್ತು ಒತ್ತುವಷ್ಟರಲ್ಲಿ ಅವನ ಮೀನಖಂಡ ಹಿಡಿದುಕೊಂಡಿತು.

ರೇಡಿಯೊದವರು ಹಿಲ್ಕಾಳ ಆ ಐವತ್ತನಾಲ್ಕರ ಮಾತನ್ನು ಕತ್ತರಿಸದೆ ಹಾಗೆಯೇ ಪ್ರಸಾರ ಮಾಡಿದರು. ಮಾರನೆಯ ವಾರವೆಲ್ಲ ಕೊಟ್ಟಿಗೆ ಕೊಟ್ಟಿಗೆಯಲ್ಲಿ ಯಲ್ಮಾರಿಗೆ ಸತ್ಕಾರವೋ ಸತ್ಕಾರ. ಒಬ್ಬ ರೈತ, ಆ ಕ್ಯಾಸೆಟ್ ಲಾರಿಯಲ್ಲಿ ಇಟ್ಟುಕೊಂಡಿಲ್ಲ ತಾನೆ, ಹಾಲಿನ ಸಮೇತ ಹಳ್ಳಕ್ಕೆ ಇಳಿದೀಯ ಎಂದು ಕಾಳಜಿಯಿಂದ ವಿಚಾರಿಸಿದ. ಇನ್ನೊಬ್ಬಳು ಅವನ ಸೀಟಿಗೆ ಒಂದು ದಿಂಬು ತಂದುಕೊಟ್ಟಳು. ಯಲ್ಮಾರಿ ದಿಂಬನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದ. ಬೇರೇನು ಮಾಡುವುದು?

ಮೇ ತಿಂಗಳಲ್ಲಿ ನದಿಯ ಹಿಮ ಒಡೆದು ಹರಿದ ಮೇಲೆ ಶಾಲೆಯ ಸಭಾಂಗಣದಲ್ಲಿ ಕ್ಯಾಸೆಟ್ ಬಿಡುಗಡೆ. ಹಿಲ್ಕಾ ಮುಂದೆ ಕುರ್ಚಿ ಹಾಕಿಕೊಂಡು ಕೂತು ಹಾಡಿದಳು. ಯಲ್ಮಾರಿ ಹಿಂದಿನ ಮೂಲೆಯಲ್ಲಿ ನಿಂತು ಎರಡನೇ ಪಿಟೀಲು ನುಡಿಸಿದ, ಅವಳ ಉಸಿರಿನ ಜಾಗ ನೋಡಿಕೊಂಡು, ಒಂದಿಷ್ಟೂ ಲಯ ಏರಿಸದೆ. ಒಂದೆರಡು ಕಡೆ ಏರಿಸುವ ಆಸೆಯೇನೋ ಬಂದಿತ್ತು.

ಮುಗಿದ ಮೇಲೆ ಮಕ್ಕಳೆಲ್ಲ ಹಿಲ್ಕಾಳನ್ನು ಮುತ್ತಿಕೊಂಡರು. ಯಲ್ಮಾರಿಯ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಸಣ್ಣಗೆ ಹೊಗೆಯಾಡಿದಂತಾಯಿತು. ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತಿದ್ದ ಯಲ್ಮಾರಿಯ ಬಳಿಗೆ ಒಂದೇ ಒಂದು ಪುಟ್ಟ ಹುಡುಗಿ ಬಂತು, ಪಕ್ಕದ ಊರಿನದಿರಬೇಕು. ಅವನನ್ನು ಕಾಲಿನಿಂದ ತಲೆಯ ತನಕ ನೋಡಿ ಕೇಳಿತು:

"ಮಾಮ, ನೀನೂ ಹಾಡ್ತೀಯಾ?"

ಯಲ್ಮಾರಿಯ ಬೆನ್ನು ತಾನಾಗಿ ನೆಟ್ಟಗಾಯಿತು. ಹಿಲ್ಕಾ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮಂಡಿಯೂರಿ, ಹುಡುಗಿಯ ಕಿವಿಯ ಬಳಿ, ತನಗೆ ಸಾಧ್ಯವಿದ್ದಷ್ಟು ಮೆಲ್ಲಗೆ ಒಂದು ಸಾಲು ಹಾಡಿದ. ಹುಡುಗಿ ಅಳಲಿಲ್ಲ. ಓಡಿಹೋಗಲೂ ಇಲ್ಲ. ತಲೆ ವಾರೆ ಮಾಡಿ, ಪೂರ್ತಿ ಕೇಳಿತು. ಆಮೇಲೆ ಯಾರಿಗೆ ಹಾಡ್ತೀಯ ಎಂದು ಕೇಳಿತು.

"ದೊಡ್ಡೋರಿಗೆ" ಎಂದ ಯಲ್ಮಾರಿ, ಸ್ವಲ್ಪ ಹೆಮ್ಮೆಯಿಂದಲೇ.

ಹುಡುಗಿ ಅವನ ಕೈಯನ್ನು ಸಮಾಧಾನ ಮಾಡುವಂತೆ ಒಮ್ಮೆ ಸವರಿತು.

"ಪಾಪ, ದೊಡ್ಡೋರು" ಎಂದಿತು.